ಮುಂದಿನ ಗಾಲಿಗಳ ಜ್ಯಾಮಿತಿ: ಸಾರೋಟಿನಿಂದ ಅಂಬಾಸಿಡರ್‌ವರೆಗೆ

ರಥೋತ್ಸವದ ದಿನ ರಥಬೀದಿಯ ಮೂಲೆಯಲ್ಲಿ ನಿಂತು ನೋಡಿದ್ದೀರಾ? ನೇರ ಬೀದಿಯಲ್ಲಿ ಉರುಳುತ್ತ ಬಂದ ತೇರು ತಿರುವಿಗೆ ಬಂದೊಡನೆ ಮೊಂಡು ಹಿಡಿಯುತ್ತದೆ. ಹಗ್ಗ ಎಳೆಯುವವರ ಬಲವೊಂದೇ ಸಾಲುವುದಿಲ್ಲ. ಗಾಲಿಗೆ ಮರದ ಬೆಣೆ ಕೊಟ್ಟು ಇಷ್ಟಿಷ್ಟೇ ಮುಖ ತಿರುಗಿಸಬೇಕು. ಆಗ ಗಾಲಿಗಳು ಉರುಳುವುದಕ್ಕಿಂತ ಹೆಚ್ಚಾಗಿ ನೆಲವನ್ನು ಕೆರೆಯುತ್ತ ಅಡ್ಡಕ್ಕೆ ಜರುಗುತ್ತವೆ.

ಕಾರಣ ಸರಳವಾದ ಜ್ಯಾಮಿತಿ. ಗಾಲಿಯೊಂದು ಉಜ್ಜದೆ ಉರುಳಬೇಕಾದರೆ ಅದು ತನ್ನ ಅಚ್ಚಿಗೆ ಲಂಬವಾದ ದಿಕ್ಕಿನಲ್ಲೇ ಸಾಗಬೇಕು. ತಿರುವಿನಲ್ಲಿ ಇಡೀ ವಾಹನ ನೆಲದ ಮೇಲಿನ ಯಾವುದೋ ಒಂದು ಬಿಂದುವಿನ ಸುತ್ತ ತಿರುಗುತ್ತಿರುತ್ತದೆ. ಆದ್ದರಿಂದ ಎಲ್ಲ ಗಾಲಿಗಳೂ ಸರಾಗವಾಗಿ ಉರುಳಲು ಅವುಗಳ ಅಚ್ಚಿನ ರೇಖೆಗಳೆಲ್ಲ ಆ ಒಂದೇ ಬಿಂದುವಿನಲ್ಲಿ ಸೇರಬೇಕು. ತೇರಿನ ಎರಡು ಅಚ್ಚುಗಳು ಸಮಾಂತರ ರೇಖೆಗಳು; ಅವು ಎಲ್ಲಿಯೂ ಸೇರವು. ಎತ್ತಿನ ಗಾಡಿಗೆ ಈ ತೊಂದರೆಯಿಲ್ಲ. ಅದಕ್ಕಿರುವುದು ಒಂದೇ ಅಚ್ಚು. ಅದರ ರೇಖೆಯ ಮೇಲಿನ ಯಾವ ಬಿಂದುವನ್ನಾದರೂ ಕೇಂದ್ರವಾಗಿಸಿಕೊಂಡು ಗಾಡಿ ತಿರುಗಬಲ್ಲದು.

ಇಂದು ಕಾರಿನ ‘ವೀಲ್ ಅಲೈನ್‌ಮೆಂಟ್’ ಎಂದರೆ ಕಂಪ್ಯೂಟರ್ ಪರದೆಯ ಮೇಲೆ ಮೂಡುವ ಕೆಂಪು-ಹಸಿರು ಅಂಕಿಗಳು ಎಂದು ನಾವು ತಿಳಿದಿದ್ದೇವೆ. ಆ ಅಂಕಿಗಳ ಹಿಂದೆ ಎರಡೂವರೆ ಶತಮಾನಗಳ ಕಥೆಯಿದೆ. ಹಳೆಯ ಕಾರೊಂದು ಕೈಗೆ ಸಿಕ್ಕರೆ ಆ ಕಥೆಯ ಮುಖ್ಯ ಭಾಗವನ್ನು ನೀವೇ ಸೀಮೆಸುಣ್ಣ, ಮೊಳೆ ಮತ್ತು ಅಳತೆ ಟೇಪಿನಿಂದ ಅಳೆದು ನೋಡಬಹುದು.

ವೈದ್ಯನ ಗಾಡಿ, ಪ್ರಕಾಶಕನ ಪೇಟೆಂಟ್

ನಾಲ್ಕು ಗಾಲಿಗಳ ಸಾರೋಟುಗಳಲ್ಲಿ ಮುಂದಿನ ಅಚ್ಚನ್ನು ಇಡಿಯಾಗಿ ನಡುವಿನ ಒಂದು ಗೂಟದ ಮೇಲೆ ತಿರುಗಿಸುವುದು ಹಳೆಯ ಪದ್ಧತಿ. ಇದರಿಂದ ಅಚ್ಚಿನ ರೇಖೆಗಳು ಒಂದು ಬಿಂದುವಿನಲ್ಲಿ ಸೇರುತ್ತವೆ ನಿಜ. ಆದರೆ ಎರಡು ದೋಷಗಳು ಉಳಿಯುತ್ತವೆ. ಅಚ್ಚು ತಿರುಗಿದಾಗ ಒಂದು ಗಾಲಿ ಗಾಡಿಯ ಅಡಿಗೆ ಸರಿಯುತ್ತದೆ. ಆಧಾರದ ಚೌಕ ಕಿರಿದಾಗಿ ಗಾಡಿ ಮಗುಚುವ ಸಂಭವ ಹೆಚ್ಚುತ್ತದೆ. ಎರಡನೆಯದಾಗಿ, ಒಂದು ಗಾಲಿ ಕಲ್ಲಿಗೆ ಬಡಿದರೆ ಆ ಬಲ ಅಚ್ಚಿನ ಅರ್ಧ ಉದ್ದದ ಸನ್ನೆಯ ತುದಿಯಲ್ಲಿ ವರ್ತಿಸಿ ಇಡೀ ಅಚ್ಚನ್ನು ತಿರುಗಿಸಿಬಿಡುತ್ತದೆ.

ಇದನ್ನು ಸರಿಪಡಿಸಲು ಯೋಚಿಸಿದವರಲ್ಲಿ ಇಂಗ್ಲೆಂಡಿನ ಲಿಚ್‌ಫೀಲ್ಡ್ ಊರಿನ ವೈದ್ಯ ಎರಾಸ್ಮಸ್ ಡಾರ್ವಿನ್ ಮೊದಲಿಗರಲ್ಲೊಬ್ಬ. ಈತ ಚಾರ್ಲ್ಸ್ ಡಾರ್ವಿನ್‌ನ ತಾತ. ರೋಗಿಗಳನ್ನು ನೋಡಲು ಕೆಟ್ಟ ರಸ್ತೆಗಳಲ್ಲಿ ವರ್ಷಕ್ಕೆ ಸಾವಿರಾರು ಮೈಲಿ ಗಾಡಿಯಲ್ಲಿ ಅಲೆಯಬೇಕಾಗಿದ್ದ ಈತನಿಗೆ ಈ ಸಮಸ್ಯೆ ಪುಸ್ತಕದ ಲೆಕ್ಕವಾಗಿರಲಿಲ್ಲ, ಮೈಮೇಲಿನ ಪೆಟ್ಟಾಗಿತ್ತು. 1758ರ ಸುಮಾರಿಗೆ ಅವನು ಅಚ್ಚನ್ನು ಅಲುಗಿಸದೆ, ಮುಂದಿನ ಎರಡು ಗಾಲಿಗಳನ್ನು ಮಾತ್ರ ಅವುಗಳ ಪಕ್ಕದಲ್ಲೇ ಇರುವ ಕೀಲುಗಳ ಮೇಲೆ ತಿರುಗಿಸುವ ವಿನ್ಯಾಸ ಮಾಡಿದ. ಪೇಟೆಂಟ್ ಪಡೆಯಲಿಲ್ಲ. ಅವನ ಈ ಕೆಲಸ ಬಹುಕಾಲ ಮರೆತುಹೋಗಿತ್ತು. ಡೆಸ್ಮಂಡ್ ಕಿಂಗ್-ಹೀಲ್ 2002ರಲ್ಲಿ ರಾಯಲ್ ಸೊಸೈಟಿಯ ಇತಿಹಾಸ ಪತ್ರಿಕೆಯಲ್ಲಿ ಇದನ್ನು ವಿವರವಾಗಿ ಚರ್ಚಿಸಿದರು.

ಅರ್ಧ ಶತಮಾನದ ಬಳಿಕ ಮ್ಯೂನಿಕ್ ನಗರದ ಸಾರೋಟು ತಯಾರಕ ಗೆಯೋರ್ಗ್ ಲ್ಯಾಂಕೆನ್‌ಸ್ಪೆರ್ಗರ್ ಇದೇ ತತ್ತ್ವವನ್ನು ಹೊಸದಾಗಿ ಕಂಡುಕೊಂಡ. ಇಂಗ್ಲೆಂಡಿನಲ್ಲಿ ಅದರ ಪೇಟೆಂಟ್ ಪಡೆಯಲು ಪ್ರತಿನಿಧಿಯಾಗಿ ನಿಂತವನು ಲಂಡನ್ನಿನ ರುಡಾಲ್ಫ್ ಆಕರ್‌ಮನ್. ಜರ್ಮನಿಯ ಸ್ಯಾಕ್ಸನಿಯಲ್ಲಿ ಹುಟ್ಟಿದ ಈತ ಲಂಡನ್ನಿನಲ್ಲಿ ಬಣ್ಣದ ಚಿತ್ರಗಳ, ಸಚಿತ್ರ ಪುಸ್ತಕಗಳ ಪ್ರಕಾಶಕನಾಗಿ ಹೆಸರು ಮಾಡಿದ್ದ; ಅದಕ್ಕೂ ಮೊದಲು ಸಾರೋಟುಗಳ ವಿನ್ಯಾಸಗಾರನಾಗಿದ್ದ. 1818ರಲ್ಲಿ ಪೇಟೆಂಟ್ ಆಕರ್‌ಮನ್ ಹೆಸರಿನಲ್ಲಿ ದಾಖಲಾಯಿತು. ಮುಂದೆ ಜಗತ್ತಿನ ಪಠ್ಯಪುಸ್ತಕಗಳೆಲ್ಲ ‘ಆಕರ್‌ಮನ್ ಜ್ಯಾಮಿತಿ’ ಎಂದೇ ಬರೆದವು. ಕಂಡುಹಿಡಿದವನ ಹೆಸರು ಅಡಿಟಿಪ್ಪಣಿಗೆ ಇಳಿಯಿತು. ತರಗತಿಯಲ್ಲಿ ಆಕರ್‌ಮನ್ ಹೆಸರನ್ನು ಹೇಳುವ ಅಧ್ಯಾಪಕರು ಲ್ಯಾಂಕೆನ್‌ಸ್ಪೆರ್ಗರ್ ಹೆಸರನ್ನೂ ಒಮ್ಮೆ ಹೇಳಿದರೆ ನ್ಯಾಯ ಸಂದೀತು.

ಆದರೂ ಆ ಪೇಟೆಂಟ್ ವ್ಯಾಪಾರದಲ್ಲಿ ಗೆಲ್ಲಲಿಲ್ಲ. ಕುದುರೆಯ ವೇಗಕ್ಕೆ ಹಳೆಯ ಪದ್ಧತಿಯೇ ಸಾಕಾಗಿತ್ತು. ಗಾಡಿಯನ್ನು ತಿರುಗಿಸುವುದು ಕುದುರೆಯ ಕೆಲಸ. ಅಚ್ಚಿಗೆ ಕಟ್ಟಿದ ಮೂಕಿಯನ್ನು ಅದು ಎಳೆದು ಹಿಡಿಯುತ್ತಿತ್ತು. ಕುದುರೆಯನ್ನು ತೆಗೆದುಹಾಕಿದ ದಿನ ಸಮಸ್ಯೆ ಮತ್ತೆ ತಲೆಯೆತ್ತಿತು.

ಕುದುರೆ ಇಲ್ಲದ ಗಾಡಿ

1873ರಲ್ಲಿ ಫ್ರಾನ್ಸಿನ ಲ ಮಾನ್ ಊರಿನ ಅಮೇದೆ ಬೋಲೇ ಹನ್ನೆರಡು ಜನರನ್ನು ಒಯ್ಯುವ ಉಗಿಬಂಡಿಯನ್ನು ಕಟ್ಟಿ ಅದಕ್ಕೆ ‘ಲೊಬೆಯಿಸ್ಸಾಂತ್’, ಅಂದರೆ ‘ವಿಧೇಯೆ’ ಎಂದು ಹೆಸರಿಟ್ಟ. ಹೆಸರಿಗೆ ಕಾರಣ ಅದರ ಚಾಲನ ವ್ಯವಸ್ಥೆ: ಮುಂದಿನ ಎರಡು ಗಾಲಿಗಳೂ ತಮ್ಮ ತಮ್ಮ ಕೀಲಿನ ಮೇಲೆ ಬೇರೆ ಬೇರೆ ಕೋನದಲ್ಲಿ ತಿರುಗುತ್ತಿದ್ದವು. 1875ರಲ್ಲಿ ಈ ಬಂಡಿ ಪ್ಯಾರಿಸ್ಸಿನವರೆಗೆ ಪ್ರಯಾಣ ಮಾಡಿತು. 1878ರಲ್ಲಿ ಷಾರ್ಲ್ ಜಾಂತೋ ಗಾಡಿ ಕಟ್ಟುವವರಿಗೆ ಅನುಕೂಲವಾದ ಒಂದು ರೇಖಾಚಿತ್ರ ಕೊಟ್ಟ: ಗಾಲಿಗಳ ತಿರುಗುತೋಳುಗಳನ್ನು ಸ್ವಲ್ಪ ಒಳಮುಖವಾಗಿ ಬಾಗಿಸಿ, ಅವುಗಳ ರೇಖೆಗಳನ್ನು ಹಿಂದಕ್ಕೆ ಎಳೆದಾಗ ಹಿಂದಿನ ಅಚ್ಚಿನ ನಡುಬಿಂದುವಿನಲ್ಲಿ ಸೇರುವಂತೆ ಮಾಡಬೇಕು. ಎರಡು ತೋಳು, ಅವನ್ನು ಕೂಡಿಸುವ ಒಂದು ದಂಡ ಮತ್ತು ಅಚ್ಚು ಸೇರಿ ಒಂದು ತ್ರಾಪಿಜ್ಯ.

ಇಷ್ಟಾದರೂ ಕಾರ್ಲ್ ಬೆಂಜ್ 1886ರ ಜನವರಿ 29ರಂದು ಪೇಟೆಂಟಿಗೆ ಅರ್ಜಿ ಹಾಕಿದ ಮೋಟಾರು ಬಂಡಿಗೆ ಮೂರೇ ಗಾಲಿಗಳಿದ್ದವು. ನಾಲ್ಕು ಗಾಲಿಗಳ ಬಂಡಿಯನ್ನು ಸರಿಯಾಗಿ ತಿರುಗಿಸುವ ಬಗೆ ಅವನಿಗೆ ಆಗ ತೃಪ್ತಿಕರವಾಗಿ ಹೊಳೆದಿರಲಿಲ್ಲ. ಅದೇ ವರ್ಷ ಡೈಮ್ಲರ್ ರೂಪಿಸಿದ ನಾಲ್ಕು ಗಾಲಿಯ ಬಂಡಿಯಲ್ಲಿ ಸಾರೋಟಿನಂತೆ ಇಡೀ ಅಚ್ಚೇ ತಿರುಗುತ್ತಿತ್ತು. ಬೆಂಜ್ 1893ರಲ್ಲಿ ತನ್ನದೇ ಕೀಲು-ಚಾಲನೆಗೆ ಪೇಟೆಂಟ್ ಪಡೆದ ಮೇಲೆಯೇ ‘ವಿಕ್ಟೋರಿಯಾ’ ಎಂಬ ನಾಲ್ಕು ಗಾಲಿಯ ಕಾರನ್ನು ಹೊರತಂದ. ಡಾರ್ವಿನ್‌ನಿಂದ ಬೆಂಜ್‌ವರೆಗೆ ಲೆಕ್ಕ ಹಾಕಿ: ಸುಮಾರು 135 ವರ್ಷ! ಒಂದೇ ಉಪಾಯವನ್ನು ಹಲವರು ಹಲವು ಸಲ ಕಂಡುಹಿಡಿಯಬೇಕಾಯಿತು. ಅಗತ್ಯ ಹುಟ್ಟದೆ ಆವಿಷ್ಕಾರ ನೆಲೆಯೂರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ.

ಲೆಕ್ಕ ಮಾಡಿ ನೋಡೋಣ

ಅಂಬಾಸಿಡರ್ ಕಾರಿನ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರ ಸುಮಾರು 2.46 ಮೀಟರ್. ಲೆಕ್ಕದ ಅನುಕೂಲಕ್ಕಾಗಿ ಮುಂದಿನ ಗಾಲಿಗಳ ಕೀಲುಗಳ ನಡುವಿನ ದೂರ ಅದರ ಅರ್ಧ, 1.23 ಮೀಟರ್ ಎಂದುಕೊಳ್ಳಿ. ತಿರುವಿನ ಒಳಗಿನ ಗಾಲಿ 30° ತಿರುಗಿದರೆ, ತಿರುವಿನ ಕೇಂದ್ರ ಹಿಂದಿನ ಅಚ್ಚಿನ ರೇಖೆಯ ಮೇಲೆ ಒಳಗಿನ ಕೀಲಿನಿಂದ ಅಡ್ಡಕ್ಕೆ 2.46 × 1.732 = 4.26 ಮೀಟರ್ ದೂರದಲ್ಲಿರುತ್ತದೆ. ಹೊರಗಿನ ಕೀಲಿನಿಂದ ಅದೇ ಕೇಂದ್ರಕ್ಕೆ 4.26 + 1.23 = 5.49 ಮೀಟರ್. ಹೊರಗಿನ ಗಾಲಿಯ ಕೋನದ ಟ್ಯಾಂಜೆಂಟ್ 2.46 ÷ 5.49 = 0.448, ಕೋನ ಸುಮಾರು 24°. ಎರಡು ಗಾಲಿಗಳ ನಡುವೆ 6° ವ್ಯತ್ಯಾಸ. ಎರಡನ್ನೂ 30° ತಿರುಗಿಸಿದ್ದರೆ ಒಂದಲ್ಲ ಒಂದು ಗಾಲಿ ತೇರಿನ ಗಾಲಿಯಂತೆ ರಸ್ತೆಯನ್ನು ಉಜ್ಜಬೇಕಾಗುತ್ತಿತ್ತು.

ಇಲ್ಲಿ ಎರಡು ಎಚ್ಚರಿಕೆಯ ಮಾತು. ಜಾಂತೋನ ತ್ರಾಪಿಜ್ಯ ಈ ನಿಯಮವನ್ನು ಎಲ್ಲ ಕೋನಗಳಲ್ಲೂ ಕರಾರುವಾಕ್ಕಾಗಿ ಪಾಲಿಸುವುದಿಲ್ಲ. ನೇರವಾಗಿರುವಾಗ, ಎಡಕ್ಕೆ ಒಂದು ಕೋನದಲ್ಲಿ, ಬಲಕ್ಕೆ ಒಂದು ಕೋನದಲ್ಲಿ ಹೀಗೆ ಮೂರೇ ಸ್ಥಿತಿಗಳಲ್ಲಿ ಅದು ನಿಖರ, ಉಳಿದೆಡೆ ಅಂದಾಜು. ಎರಡನೆಯದು ಗಾಳಿ ತುಂಬಿದ ಟೈರಿಗೆ ಸಂಬಂಧಿಸಿದ್ದು. 1925ರಲ್ಲಿ ಫ್ರಾನ್ಸಿನ ಜಾರ್ಜ್ ಬ್ರೂಲಿಯೆ ತೋರಿಸಿದಂತೆ, ಅಡ್ಡಬಲ ಬಿದ್ದಾಗ ರಬ್ಬರು ಬಾಗುತ್ತದೆ. ಗಾಲಿ ತಾನು ಮುಖ ಮಾಡಿದ ದಿಕ್ಕಿಗಿಂತ ಸ್ವಲ್ಪ ಓರೆಯಾಗಿ ಸಾಗುತ್ತದೆ. ಇದೇ ಜಾರುಕೋನ. ಆದ್ದರಿಂದ ವೇಗದಲ್ಲಿ ಹೋಗುವ ಕಾರಿಗೆ ಆಕರ್‌ಮನ್ ಜ್ಯಾಮಿತಿ ಕಟ್ಟಳೆಯಲ್ಲ, ನಿಧಾನ ಚಾಲನೆಗೆ ಸಲ್ಲುವ ಮಾರ್ಗದರ್ಶಿ ಮಾತ್ರ.

ಇನ್ನೂ ಮೂರು ಕೋನಗಳು

ಕಾರು ನೇರವಾಗಿ ಓಡುವಾಗ ಮುಖ್ಯವಾಗುವ ಕೋನಗಳು ಬೇರೆ: ಕ್ಯಾಂಬರ್, ಕ್ಯಾಸ್ಟರ್ ಮತ್ತು ಟೋ.

ಕಾರಿನ ಮುಂದೆ ನಿಂತು ನೋಡಿದಾಗ ಗಾಲಿ ಲಂಬರೇಖೆಯಿಂದ ಎಷ್ಟು ವಾಲಿದೆ ಎಂಬುದು ಕ್ಯಾಂಬರ್. ಮೇಲ್ಭಾಗ ಹೊರಕ್ಕೆ ವಾಲಿದ್ದರೆ ಧನ, ಒಳಕ್ಕೆ ವಾಲಿದ್ದರೆ ಋಣ. ಹಳೆಯ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಧನ. ಸಾರೋಟು ಕಟ್ಟುವವರಿಂದ ಬಂದ ಬಳುವಳಿ. ಅವರ ಮರದ ಗಾಲಿಗಳು ತಟ್ಟೆಯಂತೆ ಹೊರಕ್ಕೆ ಉಬ್ಬಿದ್ದವು. ಭಾರ ಹೊರುವ ಕೆಳಗಿನ ಅರ ನೆಟ್ಟಗೆ ನಿಲ್ಲಲೆಂದು ಅಚ್ಚಿನ ತುದಿಗಳನ್ನು ಕೆಳಕ್ಕೆ ಬಾಗಿಸುತ್ತಿದ್ದರು. ಆದರೆ ವಾಲಿದ ಗಾಲಿ ಶಂಕುವಿನ ತುಂಡಿನಂತೆ ವರ್ತಿಸುತ್ತದೆ. ಕಾಗದದ ಲೋಟವನ್ನು ಮೇಜಿನ ಮೇಲೆ ಮಲಗಿಸಿ ಉರುಳಿಸಿ. ಅದು ನೇರ ಹೋಗದೆ ವೃತ್ತಾಕಾರದಲ್ಲಿ ಸುತ್ತುತ್ತದೆ. ಹಾಗೆಯೇ ಹೊರಕ್ಕೆ ವಾಲಿದ ಎರಡು ಗಾಲಿಗಳು ಪರಸ್ಪರ ದೂರ ಓಡಲು ಹವಣಿಸುತ್ತವೆ. ಇದನ್ನು ತಡೆಯಲು ಸಾರೋಟಿನ ಕುಶಲಕರ್ಮಿಗಳು ಅಚ್ಚಿನ ತುದಿಗಳನ್ನು ಕೊಂಚ ಮುಂದಕ್ಕೂ ಬಾಗಿಸಿ, ಗಾಲಿಗಳ ಮುಂಭಾಗ ತುಸು ಹತ್ತಿರ ಬರುವಂತೆ ಮಾಡುತ್ತಿದ್ದರು. ಇದೇ ಇಂದಿನ ಟೋ-ಇನ್. ಕಾಲ್ಬೆರಳುಗಳನ್ನು ಒಳಮುಖ ಮಾಡಿ ನಿಂತ ಭಂಗಿಯನ್ನು ನೆನೆಸಿಕೊಳ್ಳಿ.

ಹಿಂದಿನ ಗಾಲಿಗಳಿಂದ ಚಲಿಸುವ ಕಾರಿಗೆ ಟೋ-ಇನ್ ಬೇಕಾಗಲು ಇನ್ನೊಂದು ಕಾರಣವಿದೆ. ಓಡುವಾಗ ರಸ್ತೆಯ ತಡೆಬಲ ಮುಂದಿನ ಗಾಲಿಗಳನ್ನು ಹಿಂದಕ್ಕೆ ತಳ್ಳುತ್ತದೆ; ಕೀಲುಗಳ ಸಡಿಲ ಮತ್ತು ರಬ್ಬರ್ ಬುಷ್‌ಗಳ ಬಾಗುವಿಕೆಯಿಂದ ಅವು ತುಸು ಹೊರಕ್ಕೆ ತೆರೆದುಕೊಳ್ಳುತ್ತವೆ. ನಿಂತಾಗ ಸ್ವಲ್ಪ ಒಳಮುಖವಾಗಿದ್ದರೆ ಓಡುವಾಗ ಸಮಾಂತರವಾಗುತ್ತವೆ. ಮುಂದಿನ ಗಾಲಿಗಳಿಗೇ ಶಕ್ತಿ ಕೊಡುವ ಕಾರುಗಳಲ್ಲಿ ಬಲದ ದಿಕ್ಕು ತಿರುವುಮುರುವು. ಹಾಗಾಗಿ ಅವುಗಳಲ್ಲಿ ಟೋ ಅನೇಕ ಸಲ ಸೊನ್ನೆಗೆ ಹತ್ತಿರ.

ಪಕ್ಕದಿಂದ ನೋಡಿದಾಗ ತಿರುಗುಕೀಲಿನ ಅಕ್ಷ ಹಿಂದಕ್ಕೆ ವಾಲಿರುವ ಕೋನವೇ ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ನೋಡಿ. ಹ್ಯಾಂಡಲಿನ ಅಕ್ಷವನ್ನು ಕೆಳಕ್ಕೆ ಎಳೆದರೆ ಅದು ಗಾಲಿ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ನೆಲವನ್ನು ಸೇರುತ್ತದೆ. ನೆಲ ಮುಟ್ಟುವ ಜಾಗ ಅಕ್ಷದ ಹಿಂದೆ ಎಳೆಯಲ್ಪಡುವುದರಿಂದ ಗಾಲಿ ತಾನಾಗಿಯೇ ನೇರಕ್ಕೆ ಮರಳುತ್ತದೆ. ಇದನ್ನು ಮೋಟಾರು ಕಾರಿಗೆ ತಿಳಿದೇ ಅಳವಡಿಸಿದ ಶ್ರೇಯ ಫ್ರಾನ್ಸಿನ ಆರ್ಥರ್ ಕ್ರೆಬ್ಸ್‌ಗೆ ಸಲ್ಲಬೇಕು. ಅವನ ಪೇಟೆಂಟ್ 1896ರದು.

ಮುಂದಿನ ಅಚ್ಚು ಒಂದೇ ಉಕ್ಕಿನ ತೊಲೆಯಾಗಿದ್ದಾಗ ಕ್ಯಾಂಬರ್, ಕ್ಯಾಸ್ಟರ್ ಬಹುಮಟ್ಟಿಗೆ ತೊಲೆಯಲ್ಲೇ ಅಡಕವಾಗಿರುತ್ತಿದ್ದವು. 1922ರ ಲ್ಯಾನ್ಸಿಯಾ ಲಾಂಬ್ಡಾದಂಥ ಕಾರುಗಳಿಂದ ಮೊದಲುಗೊಂಡು ಮುಂದಿನ ಗಾಲಿಗಳು ಒಂದರ ಹಂಗಿಲ್ಲದೆ ಇನ್ನೊಂದು ಮೇಲೆಕೆಳಗಾಗುವ ವ್ಯವಸ್ಥೆ ಹರಡಿತು. ಪ್ರಯಾಣ ಮೆತ್ತಗಾಯಿತು, ಆದರೆ ಸವೆಯುವ ಕೀಲುಗಳ ಸಂಖ್ಯೆ ಹೆಚ್ಚಿತು. ಅಲೈನ್‌ಮೆಂಟ್ ಎಂಬುದು ಪದೇ ಪದೇ ಮಾಡಬೇಕಾದ ಕೆಲಸವಾದದ್ದು ಹೀಗೆ. 1948ರಲ್ಲಿ ಅಲೆಕ್ ಇಸಿಗೋನಿಸ್ ರೂಪಿಸಿದ ಮಾರಿಸ್ ಮೈನರ್‌ನಲ್ಲಿ ತಿರುಚು ಸರಳುಗಳ ಮೇಲೆ ನಿಂತ ಇಂಥ ಮುಂಭಾಗವಿತ್ತು. ಅದು ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಲ್ಲಿ ಭಾರತಕ್ಕೂ ಬಂತು. ಮಾರಿಸ್ ಆಕ್ಸ್‌ಫರ್ಡ್‌ನ ಮೂರನೆಯ ಮಾದರಿ ನಮ್ಮ ಅಂಬಾಸಿಡರ್ ಆಯಿತು. ಅದರ ಮುಂಭಾಗದಲ್ಲೂ ತಿರುಚು ಸರಳುಗಳಿದ್ದವು. 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅದು ತಯಾರಾಯಿತು.

ನೀವೇ ಅಳೆಯಿರಿ

ಹಳೆಯ ಕಾರುಗಳಲ್ಲಿ ಮನೆಯಲ್ಲೇ ಸರಿಪಡಿಸಬಹುದಾದದ್ದು ಮುಖ್ಯವಾಗಿ ಟೋ. ಕ್ಯಾಂಬರ್, ಕ್ಯಾಸ್ಟರ್ ಬದಲಾಗಿದ್ದರೆ ಅದು ಯಾವುದೋ ಭಾಗ ಸವೆದಿದೆ, ಬಾಗಿದೆ ಅಥವಾ ಕಾರು ಒಂದು ಪಕ್ಕ ಕುಸಿದಿದೆ ಎಂಬ ಸೂಚನೆ. ಅಳೆಯಲು ಅಡ್ಡಿಯಿಲ್ಲ, ಸರಿಪಡಿಸುವುದನ್ನು ಬಲ್ಲವರಿಗೆ ಬಿಡಿ.

ಮೊದಲು ಸಮತಟ್ಟಾದ ಗಚ್ಚು ನೆಲ ಹುಡುಕಿ. ಟೈರುಗಳ ಗಾಳಿ ಸರಿಪಡಿಸಿ. ಹಿಂದಿನ ಗಾಲಿಗಳಿಗೆ ಅಡ್ಡ ಕಲ್ಲು ಕೊಟ್ಟು ಮುಂದಿನ ಗಾಲಿಯನ್ನು ಜ್ಯಾಕ್‌ನಿಂದ ಎತ್ತಿ, ಭದ್ರವಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜ್ಯಾಕ್ ನಂಬಿ ಕಾರಿನಡಿ ಕೈ ಹಾಕಬೇಡಿ. ಗಾಲಿಯನ್ನು ಮೇಲೆ-ಕೆಳಗೆ, ಬಳಿಕ ಎಡ-ಬಲ ಹಿಡಿದು ಅಲುಗಿಸಿ. ಬೇರಿಂಗ್, ಕೀಲು, ಟೈ-ರಾಡ್ ತುದಿ ಯಾವುದರಲ್ಲಾದರೂ ಸಡಿಲವಿದ್ದರೆ ಅಳತೆಯನ್ನು ಅಲ್ಲಿಗೇ ನಿಲ್ಲಿಸಿ ಮೊದಲು ಅದನ್ನು ಸರಿಪಡಿಸಿ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಹಳೆಯ ಅಂಬಾಸಿಡರ್‌ನ ಟೋ ಸರಿಪಡಿಸಿದೆನೆಂದು ಹೆಮ್ಮೆಪಟ್ಟ ವಾರದಲ್ಲೇ ಅಳತೆ ಮತ್ತೆ ಬದಲಾಗಿತ್ತು. ಮತ್ತೆ ತಿರುಗಿಸಿದೆ, ಮತ್ತೆ ಬದಲಾಯಿತು. ಮೂರನೆಯ ಸಲ ತಲೆ ತಗ್ಗಿಸಿ ನೋಡಿದಾಗ ಟೈ-ರಾಡಿನ ಒಂದು ತುದಿಯ ಗುಂಡುಕೀಲು ತನ್ನ ಬಟ್ಟಲಿನಲ್ಲಿ ಲೊಡಲೊಡ ಎನ್ನುತ್ತಿತ್ತು. ನಾನು ಅಳೆಯುತ್ತಿದ್ದದ್ದು ಗಾಲಿಯ ಕೋನವನ್ನಲ್ಲ, ಸವೆದ ಕೀಲಿನ ಆಟವನ್ನು. ಆ ಕೀಲು ತಿರುವಿನಲ್ಲಿ ಕಳಚಿದ್ದರೆ ಈ ಲೇಖನ ಬರೆಯಲು ನಾನಿರುತ್ತಿದ್ದೆನೋ ಇಲ್ಲವೋ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಗೆ ದಿನವೂ ಹೇಳುವ ಪಾಠ ಇದು: ರೀಡಿಂಗ್ ಪುನರಾವರ್ತನೆಯಾಗದಿದ್ದರೆ ಮೊದಲು ಉಪಕರಣವನ್ನು ಶಂಕಿಸಿ. ನಾನೇ ಅದನ್ನು ಮರೆತಿದ್ದೆ.

ಎತ್ತಿದ ಗಾಲಿಯನ್ನು ತಿರುಗಿಸುತ್ತ ಟೈರಿನ ನಡುವೆ ಸುತ್ತಲೂ ಸೀಮೆಸುಣ್ಣ ಬಳಿಯಿರಿ. ಮರದ ದಿಮ್ಮಿಗೆ ಹೊಡೆದ ಮೊಳೆಯ ಮೊನೆಯನ್ನು ಟೈರಿಗೆ ತಾಗಿಸಿ, ದಿಮ್ಮಿ ಅಲುಗದಂತೆ ಹಿಡಿದು ಗಾಲಿಯನ್ನು ಒಂದು ಸುತ್ತು ತಿರುಗಿಸಿ. ಸುಣ್ಣದ ಮೇಲೆ ತೆಳುವಾದ ಗೆರೆ ಮೂಡುತ್ತದೆ. ಟೈರು ಅಥವಾ ರಿಮ್ ಸೊಟ್ಟಗಿದ್ದರೂ ಈ ಗೆರೆ ಅಚ್ಚಿಗೆ ಲಂಬವಾದ ಸಮತಲದಲ್ಲೇ ಇರುತ್ತದೆ. ಇನ್ನೊಂದು ಗಾಲಿಗೂ ಹೀಗೆಯೇ ಮಾಡಿ. ಕಾರನ್ನು ಇಳಿಸಿ, ಮುಂಭಾಗವನ್ನು ಒತ್ತಿ ಕುಲುಕಿಸಿ, ಸ್ಟೀರಿಂಗ್ ನೇರವಾಗಿಟ್ಟು ನಾಲ್ಕೈದು ಮೀಟರ್ ಮುಂದಕ್ಕೆ ತಳ್ಳಿ. ಹಿಂದಕ್ಕೆ ತಳ್ಳಬಾರದು, ಕೀಲುಗಳ ಸಡಿಲ ವಿರುದ್ಧ ದಿಕ್ಕಿಗೆ ವಾಲುತ್ತದೆ.

ಈಗ ಎರಡು ಗೆರೆಗಳ ಮುಂಭಾಗದಲ್ಲಿ ಗಾಲಿಯ ನಡುಬಿಂದುವಿನ ಎತ್ತರಕ್ಕೆ ಗುರುತು ಮಾಡಿ ಅವುಗಳ ಅಂತರ ಅಳೆಯಿರಿ. ಕಾರನ್ನು ಗಾಲಿಯ ಅರ್ಧ ಸುತ್ತಿನಷ್ಟು ಮುಂದೆ ತಳ್ಳಿದರೆ ಅವೇ ಗುರುತುಗಳು ಹಿಂದಕ್ಕೆ, ಅದೇ ಎತ್ತರಕ್ಕೆ ಬರುತ್ತವೆ. ಮತ್ತೆ ಅಂತರ ಅಳೆಯಿರಿ. ಎಂಜಿನ್ನಿನ ತಳ ಟೇಪಿಗೆ ಅಡ್ಡ ಬಂದರೆ ಉದ್ದನೆಯ ಮರದ ಪಟ್ಟಿಗೆ ಎರಡು ನೆಟ್ಟನೆಯ ತೋಳುಗಳನ್ನು ಕೂಡಿಸಿ ಅಳತೆಕೋಲು ಮಾಡಿಕೊಳ್ಳಿ. ಹಿಂದಿನ ಅಂತರದಿಂದ ಮುಂದಿನ ಅಂತರ ಕಳೆದರೆ ಸಿಗುವುದೇ ಟೋ-ಇನ್. ಮಾರಿಸ್ ಮೈನರ್‌ಗೆ ಇದು 3/32 ಇಂಚು, ಅಂದರೆ ಸುಮಾರು 2.4 ಮಿ.ಮೀ. ಇರಬೇಕು. ನಿಮ್ಮ ಕಾರಿನ ಅಂಕಿಯನ್ನು, ಅದನ್ನು ಟೈರಿನ ಮೇಲೆ ಅಳೆಯಬೇಕೋ ರಿಮ್ಮಿನ ಮೇಲೋ ಎಂಬುದನ್ನು, ಅದರ ಕೈಪಿಡಿಯಲ್ಲೇ ನೋಡಿ.

ಇಷ್ಟು ಒರಟು ಸಾಧನದಿಂದ ನಿಖರತೆ ಸಾಧ್ಯವೇ? 600 ಮಿ.ಮೀ. ವ್ಯಾಸದ ಟೈರಿನಲ್ಲಿ 1 ಮಿ.ಮೀ. ಎಂದರೆ 1/600 ರೇಡಿಯನ್, ಸುಮಾರು 0.1°. ಟೇಪು 1 ಮಿ.ಮೀ. ತೋರಿಸಬಲ್ಲದು. ಗಾಲಿಯ ವ್ಯಾಸವೇ ಇಲ್ಲಿ ನಮ್ಮ ವರ್ಧಕ.

ಹೊಂದಿಸಲು ಎರಡೂ ಟೈ-ರಾಡ್‌ಗಳ ಲಾಕ್‌ನಟ್ ಸಡಿಲಿಸಿ ಎರಡನ್ನೂ ಸಮನಾಗಿ ತಿರುಗಿಸಬೇಕು. ಇಲ್ಲವಾದರೆ ಸ್ಟೀರಿಂಗ್ ಚಕ್ರ ಓರೆಯಾಗಿ ನಿಲ್ಲುತ್ತದೆ. ದಂಡಗಳು ಅಚ್ಚಿನ ಹಿಂದಿದ್ದರೆ ಉದ್ದವಾಗಿಸಿದಾಗ ಟೋ-ಇನ್ ಹೆಚ್ಚುತ್ತದೆ, ಮುಂದಿದ್ದರೆ ಕಡಿಮೆಯಾಗುತ್ತದೆ. ತಿರುಪಿನ ಎಳೆಗಳ ಅಂತರ 1.5 ಮಿ.ಮೀ., ತಿರುಗುತೋಳಿನ ಉದ್ದ 130 ಮಿ.ಮೀ. ಎಂದುಕೊಂಡರೆ, ಒಂದು ದಂಡದ ಒಂದು ಸುತ್ತಿಗೆ ಟೈರಿನ ಮೇಲಿನ ಅಳತೆ 600 × 1.5 ÷ 130, ಅಂದರೆ ಸುಮಾರು 7 ಮಿ.ಮೀ. ಬದಲಾಗುತ್ತದೆ. ಕಾಲು ಸುತ್ತು ಎಷ್ಟು ದೊಡ್ಡದೆಂದು ಈಗ ತಿಳಿಯಿತಲ್ಲ! ಲಾಕ್‌ನಟ್ ಬಿಗಿದು, ಮತ್ತೆ ಅಳೆದು, ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ ನೋಡಿ.

ಕ್ಯಾಂಬರ್ ಅಳೆಯಲು ಗಾರೆ ಕೆಲಸದವರ ತೂಗುಗುಂಡು ಸಾಕು. ಗಾಲಿಯ ಪಕ್ಕ ದಾರ ಇಳಿಬಿಟ್ಟು ರಿಮ್ಮಿನ ಮೇಲಂಚು, ಕೆಳಂಚುಗಳಿಗೆ ದಾರದಿಂದ ಇರುವ ದೂರ ಅಳೆಯಿರಿ. 400 ಮಿ.ಮೀ. ರಿಮ್ಮಿಗೆ 1° ಎಂದರೆ 7 ಮಿ.ಮೀ. ವ್ಯತ್ಯಾಸ. ಗಾಲಿಯನ್ನು 20° ಹೊರಕ್ಕೆ, ಬಳಿಕ 20° ಒಳಕ್ಕೆ ತಿರುಗಿಸಿ ಎರಡು ಸಲ ಕ್ಯಾಂಬರ್ ಅಳೆದು, ವ್ಯತ್ಯಾಸವನ್ನು ಸುಮಾರು 1.5ರಿಂದ ಗುಣಿಸಿದರೆ ಕ್ಯಾಸ್ಟರ್ ಸಿಗುತ್ತದೆ. ಆ ಅಂಕಿ ಎಲ್ಲಿಂದ ಬಂತು? 1 ÷ (2 ಸೈನ್ 20°) ಎಷ್ಟೆಂದು ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಿ.

ಒಂದು ಕಿಲೋಮೀಟರಿಗೆ ಐದು ಮೀಟರ್

ಟೋ ಬೇಕಾದದ್ದಕ್ಕಿಂತ 6 ಮಿ.ಮೀ. ಹೆಚ್ಚಾಗಿದೆಯೆಂದುಕೊಳ್ಳಿ. ಎರಡೂ ಗಾಲಿ ಸೇರಿ 6/600 = 0.01 ರೇಡಿಯನ್; ಒಂದಕ್ಕೆ 0.005. ಕಾರು ಒಂದು ಕಿಲೋಮೀಟರ್ ಸಾಗಿದಾಗ ಪ್ರತಿ ಗಾಲಿಯನ್ನೂ 5 ಮೀಟರ್ ಅಡ್ಡಕ್ಕೆ ಎಳೆದಂತಾಯಿತು. ಇದರಲ್ಲಿ ಒಂದಷ್ಟನ್ನು ರಬ್ಬರು ಬಾಗಿ ನುಂಗಿಕೊಳ್ಳುತ್ತದೆ. ಉಳಿದದ್ದು ಉಜ್ಜಾಟವಾಗಿ ರಸ್ತೆಯ ಮೇಲೆ ಕಪ್ಪು ಪುಡಿಯಾಗುತ್ತದೆ. ಟೈರಿನ ಮೇಲೆ ಕೈಯನ್ನು ಅಡ್ಡಲಾಗಿ ಸವರಿ: ಒಂದು ದಿಕ್ಕಿಗೆ ನುಣುಪು, ಮತ್ತೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ಟೋ ತಪ್ಪಿದೆ ಎಂದರ್ಥ. ತೇರಿನ ಗಾಲಿ ಮೂಲೆಯಲ್ಲಿ ಕಣ್ಣಿಗೆ ಕಾಣುವಂತೆ ಮಾಡುವ ಕೆಲಸವನ್ನು ಇಂಥ ಕಾರು ನೇರ ರಸ್ತೆಯಲ್ಲಿ ಗುಟ್ಟಾಗಿ ಮಾಡುತ್ತಿರುತ್ತದೆ.

ಕ್ಯಾಮರಾಗಳಿಂದ ಅಳೆಯುವ ಯಂತ್ರಗಳು ಬೇಡವೆಂದು ನಾನು ಹೇಳುತ್ತಿಲ್ಲ. ಅವು ವೇಗವಾಗಿ, ನಾಲ್ಕೂ ಗಾಲಿಗಳನ್ನು ಒಟ್ಟಿಗೆ ಅಳೆಯುತ್ತವೆ. ಆದರೆ ಪರದೆಯ ಹಸಿರು ಅಂಕಿ ಸವೆದ ಕೀಲನ್ನು ತೋರಿಸದು. ಅದಕ್ಕೆ ಗಾಲಿಯನ್ನು ಅಲುಗಿಸಿ ನೋಡುವ ಕೈ ಬೇಕು. ಶಾಲಾ-ಕಾಲೇಜಿನ ಅಂಗಳದಲ್ಲಿ ಹಳೆಯ ಕಾರೋ ಜೀಪೋ ನಿಂತಿದ್ದರೆ ಒಂದು ಶನಿವಾರ ವಿದ್ಯಾರ್ಥಿಗಳೊಂದಿಗೆ ಟೋ ಅಳೆಯಿರಿ. ಮೂರು ತಂಡಗಳು ಬೇರೆ ಬೇರೆಯಾಗಿ ಅಳೆದು, ಅಂಕಿಗಳನ್ನು ಹಲಗೆಯ ಮೇಲೆ ಬರೆದು ಹೋಲಿಸಲಿ. ಒಂದೇ ಬಂದರೆ ಸಂತೋಷ. ಬೇರೆ ಬಂದರೆ ಯಾಕೆಂದು ಹುಡುಕಲಿ.